ಕಂಪ್ಯೂಟರ್ ಕೋಣೆಯ ಬಿಳಿ ನೆಲ

ಬೆಳಿಗ್ಗೆ ಕಂಪ್ಯೂಟರ್ ಕೋಣೆಯ ಬಾಗಿಲು ತೆಗೆದ ಟೈಪಿಸ್ಟ್ ಭಾಗ್ಯಶ್ರೀ ಹೊಸ್ತಿಲಲ್ಲೇ ನಿಂತು ಜನರನ್ನು ಕೂಗಿದಳು. ಒಳಗೆ ಕೌಶಲ್ ಮೇಜಿನ ಮೇಲೆ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ರಕ್ತ ಮೆತ್ತಿದ ಕಬ್ಬಿಣದ ತುಂಡು. ಎದುರಿನ ಕಂಪ್ಯೂಟರ್ ಪರದೆಯೂ ಚೂರುಚೂರು.

ಹೈದರಾಬಾದಿಗೆ ಹೈದರಾಬಾದೇ ಕಂಪ್ಯೂಟರಿನ ಹಿಂದೆ ಬಿದ್ದಿದ್ದ ಕಾಲ ಅದು. ಅಲ್ಲಿನ ನಾಚಾರಂನಲ್ಲಿ ಪಂಪಿನ ಬಿಡಿಭಾಗ ಮಾಡುವ ಸುಬ್ಬರಾಯರಿಗೂ ಆ ಹುಚ್ಚು ಹಿಡಿಯಿತು. ಯಾವ ಲೇತ್ ಯಂತ್ರಕ್ಕೆ ಯಾವ ಕೆಲಸ ಎಂಬ ಚೀಟಿಯನ್ನು ಇನ್ನು ಮುಂದೆ ಕಂಪ್ಯೂಟರೇ ಹೊಡೆಯಬೇಕು. ಅದನ್ನು ಅಳವಡಿಸಲು ಕೌಶಲ್ ಬಂದಿದ್ದ. ವ್ಯವಸ್ಥೆ ಶುರುವಾಗಬೇಕಿದ್ದ ದಿನವೇ ಹೆಣವಾದ.

ಸಬ್ ಇನ್ಸ್‌ಪೆಕ್ಟರ್ ಚಂದ್ರಕಾಂತ ಬೀದರಿನವನು, ಮೂಗಿನ ತುದಿಯಲ್ಲೇ ಕೋಪ. ಲೇತುಗಳಿರುವ ಶೆಡ್ಡಿನ ಎಣ್ಣೆ ತುಳಿದು ಬೂಟುಗಾಲಲ್ಲೇ ನುಗ್ಗಿದ. ಕನ್ನಡಿಯಂತಿದ್ದ ಬಿಳಿ ನೆಲದ ಮೇಲೆ ಕಪ್ಪು ಅಚ್ಚು ಬಿದ್ದವು. ಸುಬ್ಬರಾಯರೂ ಬೂಟಿನಲ್ಲೇ ಬಂದು, ಹೆಣ ಯಾವಾಗ ಎತ್ತುತ್ತೀರಿ, ಮಾಲು ಕಳಿಸಬೇಕು ಎಂದರು. ಹೆಡ್ ಕ್ಲಾರ್ಕ್ ಆನಂದಕುಮಾರ ಮಾತ್ರ ಚಪ್ಪಲಿ ಹೊರಗೆ ಬಿಟ್ಟು ಬಂದ. ಕಂಪ್ಯೂಟರಿಗೆ ಧೂಳು ಆಗದೆಂದು ಕೌಶಲ್ ಮಾಡಿದ್ದ ಕಟ್ಟಳೆ ಅದು.

"ನಿನ್ನಿ ಸಂಜಿ ಬಸು ಇವನ ಕೂಡ ಜಗಳ ತೆಗದಿದ್ದರಿ. ಕೊಂದs ಬಿಡ್ತೀನಿ ಅಂದಿದ್ದ," ಎಂದ ಆನಂದಕುಮಾರ.

ಬಸು ಯಾದಗಿರಿ ಕಡೆಯ ಲೇತ್ ಕೆಲಸಗಾರ. ತನ್ನ ಯಂತ್ರ ಖಾಲಿ ನಿಂತದ್ದನ್ನೂ ಕಂಪ್ಯೂಟರ್ ಲೆಕ್ಕ ಇಡುತ್ತದೆಂದು ಅವನಿಗೆ ಸಿಟ್ಟು. ಜಗಳ ಆಡಿದ್ದು ನಿಜ, ಕೊಂದಿಲ್ಲ ಎಂದ. ಚಂದ್ರಕಾಂತ ಕಾನ್‌ಸ್ಟೇಬಲ್‌ಗಳಿಗೆ ತಲೆಯಾಡಿಸಿದ. ಅಷ್ಟು ಸಾಕಿತ್ತು, ಬಸುವನ್ನು ಠಾಣೆಗೆ ಎಳೆದೊಯ್ದರು.

*

ಮಧ್ಯಾಹ್ನವಾದರೂ ಬಸು ಒಪ್ಪಿಕೊಳ್ಳಲಿಲ್ಲ. ಠಾಣೆಯ ಬಾಗಿಲಲ್ಲಿ ಅವನ ಹೆಂಡತಿ ಗದಿಗೆಮ್ಮ ಕೂತಿದ್ದಳು.

"ಗಲ್ಲಿಗೆ ಹಾಕ್ತೀರೇನ್ರಿ ಅವರನ್ನ?" ಎಂದು ಕೇಳಿದಳು.

ಚಂದ್ರಕಾಂತ ಒಳಗೆ ಹೋದ. ಬಸು ನೆಲಕ್ಕೆ ಬಿದ್ದಿದ್ದ. ಅವನ ಬೂಟಿನ ತಳಕ್ಕೆ ಎಣ್ಣೆ, ಕಬ್ಬಿಣದ ಸಿಪ್ಪೆ. ಬಿಚ್ಚಿಸಿ ನೋಡಿದರೆ ಪಾದವೂ ಕರ್ರಗಿತ್ತು. ಚಂದ್ರಕಾಂತನಿಗೆ ಬೆಳಗಿನ ಬಿಳಿ ನೆಲ ನೆನಪಾಯಿತು. ಹೊಡೆಯುವುದನ್ನು ನಿಲ್ಲಿಸಿ ಎಂದು ಕೂಗಿ ಜೀಪು ಹತ್ತಿದ.

*

ಸುಬ್ಬರಾಯರು, ಆನಂದಕುಮಾರ, ಭಾಗ್ಯಶ್ರೀ ಮೂವರನ್ನೂ ಕಂಪ್ಯೂಟರ್ ಕೋಣೆಗೆ ಕರೆಸಿದ. ಹೆಣ ಎತ್ತಿಯಾಗಿತ್ತು. ಆನಂದಕುಮಾರ ಈಗಲೂ ಚಪ್ಪಲಿ ಬಿಟ್ಟೇ ಬಂದ. ಚಂದ್ರಕಾಂತ ಅವನ ಕಡೆ ತಿರುಗಿದ.

"ಮುಂಜಾನಿ ನಾ ಕಾಲಿಡೋತನಕ ಇಲ್ಲಿ ಒಂದು ಹೆಜ್ಜಿ ಗುರುತು ಇರಲಿಲ್ಲ. ಬಸು ಬಂದಿದ್ರ ಈ ನೆಲ ಹೊಲಸಾಗ್ತಿತ್ತು. ಬೂಟು ಬಿಚ್ಚಿದ್ರೂ ಅವನ ಕಾಲೆಲ್ಲ ಎಣ್ಣಿ. ಸುಬ್ಬರಾಯರು ಬೂಟು ಬಿಚ್ಚೋ ಪೈಕಿ ಅಲ್ಲ. ಕೊಲ್ಲಾಕ ಬಂದಾಂವ ಚಪ್ಪಲಿ ಬಿಟ್ಟು ಬಂದಾನ. ಅಂಥವರು ನೀ ಒಬ್ಬ, ಭಾಗ್ಯಶ್ರೀ ಒಬ್ಬಾಕಿ. ಆಕಿಗೆ ಕಂಪ್ಯೂಟರ್ ಬರ್ತದ. ಪರದಿ ಒಡದ್ರ ಏನೂ ಆಗಂಗಿಲ್ಲ, ಎಲ್ಲಾ ಕೆಳಗಿನ ಡಬ್ಬಿಯಾಗ ಐತಿ ಅಂತ ಆಕಿಗೆ ಗೊತ್ತು. ನಿನಗ ಗೊತ್ತಿಲ್ಲ, ಅದಕ್ಕ ಪರದಿ ಒಡದಿ."

ಆನಂದಕುಮಾರ ಒಡೆದ ಪರದೆಯತ್ತ ನೋಡಿದ. ಇಷ್ಟು ವರ್ಷ ಲೇತ್ ಕೆಲಸದ ಚೀಟಿಗಳನ್ನು ಕೈಯಲ್ಲಿ ಬರೆದವನು ಅವನೇ.

"ನಾ ರಜಾ ಹಾಕಿದ ದಿನ ಇಲ್ಲಿ ಒಂದು ಲೇತ್ ತಿರಗಿಲ್ರಿ. ಕೌಶಲ್‌ನದೂ ಹಂಗs ಅನ್ಕೊಂಡೆ. ಅವ ಹೋದ್ರ ಎಲ್ಲಾ ನಿಲ್ತದ ಅಂತ."

ಸುಬ್ಬರಾಯರು ಭಾಗ್ಯಶ್ರೀಗೆ ಸನ್ನೆ ಮಾಡಿದರು. ಅವಳು ತನ್ನ ಮೇಜಿನ ಪರದೆ ತಂದು ಡಬ್ಬಿಗೆ ಜೋಡಿಸಿ ಕೀಲಿ ಒತ್ತಿದಳು. ಪ್ರಿಂಟರ್ ಕಿರಗುಟ್ಟಿತು. ಕೌಶಲ್ ಇಲ್ಲದೆಯೂ ಚೀಟಿಗಳು ಸಾಲಾಗಿ ಹೊರಬಿದ್ದವು. ಆನಂದಕುಮಾರನ ಮುಖ ಸುಣ್ಣದಂತಾಯಿತು.

ಬಸುವಿನ ಹೆಸರಿನ ಚೀಟಿಯೂ ಬಂತು. ಅವನನ್ನು ಬೇಗ ಬಿಟ್ಟುಕಳಿಸಿ, ಕೆಲಸ ಬಾಕಿ ಇದೆ ಎಂದರು ಸುಬ್ಬರಾಯರು. ಬಿಡುತ್ತೇನೆ, ಆದರೆ ಬಲಗೈ ಬೆರಳುಗಳು ಠಾಣೆಯಲ್ಲಿ ಮುರಿದಿವೆ ಎಂದ ಚಂದ್ರಕಾಂತ. ತಲೆ ಎತ್ತಲಿಲ್ಲ.

ಸುಬ್ಬರಾಯರು ಚೀಟಿಯನ್ನು ಭಾಗ್ಯಶ್ರೀಯ ಕೈಗಿಟ್ಟು, ಹೆಸರು ಬದಲಿಸಿ ಇನ್ನೊಂದು ತೆಗೆಯಲು ಹೇಳಿದರು.