ಇಪ್ಪತ್ತು ಬೋಲ್ಟಿನ ಲೆಕ್ಕ

ಕಾರು ಚರಂಡಿಗೆ ಮೂತಿ ಇಟ್ಟು ನಿಂತಿತ್ತು. ಎಡಗಡೆಯ ಮುಂದಿನ ಚಕ್ರವೇ ಇರಲಿಲ್ಲ. ಅದು ರಸ್ತೆ ದಾಟಿ, ಬೇಲಿ ಹಾರಿ, ದೂರದ ಹುಲ್ಲಿನಲ್ಲಿ ಏನೂ ಅರಿಯದಂತೆ ಮಲಗಿತ್ತು. ಆ ಕಾರಿನ ಒಂದು ಬಾಗಿಲಿನ ಬೆಲೆಗೆ ಇನ್‌ಸ್ಪೆಕ್ಟರಮ್ಮನ ಜೀಪೇ ಬರುತ್ತಿತ್ತು. ಕಾರು ಓಡಿಸುತ್ತಿದ್ದವಳನ್ನು, ಒಂದು ಕಾರ್ಖಾನೆಯ ಯಜಮಾನಿಯನ್ನು, ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು. ಸೊಂಟ ಮುರಿದಿತ್ತು. ಪ್ರಜ್ಞೆ ಇರಲಿಲ್ಲ.

ಆಕೆಯ ತಮ್ಮ ರಸ್ತೆಯಲ್ಲೇ ಕೂಗಾಡುತ್ತಿದ್ದ. ಅಕ್ಕನ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವವನು.

“ನಿನ್ನೆ ತಾನೇ ಹೊಸ ಚಕ್ರ, ಹೊಸ ಟೈರು ಹಾಕ್ಸಿದ್ದು ಮೇಡಂ! ಅಕ್ಕಂಗೆ ನಾನೇ ಕೊಟ್ಟ ಉಡುಗೊರೆ. ಆ ಅಂಗಡಿಯವನು ಹಳೇ ಬೋಲ್ಟು ಹಾಕಿ ಕಳ್ಸಿದಾನೆ. ಮೊದಲು ಅವನನ್ನ ಒಳಗೆ ಹಾಕಿ!”

ಪೇದೆ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು ಹುಡುಕಿದ. ಅರ್ಧ ಗಂಟೆಯ ಮೇಲೆ ಮೂರು ಬೋಲ್ಟು ಹಿಡಿದು ಬಂದ. ನಿಜಕ್ಕೂ ಹಳೆಯವೇ.

ಕೇಸು ತಾನಾಗಿಯೇ ಮಡಿಲಿಗೆ ಬಿದ್ದಿತ್ತು. ಅದೇ ಇನ್‌ಸ್ಪೆಕ್ಟರಮ್ಮನಿಗೆ ಹಿಡಿಸಲಿಲ್ಲ. ಜೀಪು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು.

* * *

ಟೈರ್ ಅಂಗಡಿಯವನನ್ನು ಎಲ್ಲರೂ ಕರೆಯುತ್ತಿದ್ದದ್ದು ಚಕ್ರಪಾಣಿ ಎಂದೇ. ಸದಾ ಕೈಯಲ್ಲೊಂದು ಚಕ್ರ ಇರುತ್ತಿದ್ದವನಿಗೆ ಬೇರೆ ಹೆಸರು ಹೊಂದುತ್ತಲೂ ಇರಲಿಲ್ಲ. ಇವತ್ತು ಬರಿಗೈಯಲ್ಲಿ ಕೂತಿದ್ದ. ಸುದ್ದಿ ಇನ್‌ಸ್ಪೆಕ್ಟರಮ್ಮನಿಗಿಂತ ಮೊದಲೇ ಬಂದಿತ್ತು. ಸರದಿಗೆ ನಿಂತಿದ್ದ ಇಬ್ಬರು ಕಾರು ತಿರುಗಿಸಿಕೊಂಡು ಹೋಗಿದ್ದರು.

“ಆಯಮ್ಮನಿಗೆ ಏನಾದ್ರೂ ಆದ್ರೆ ನಾನು ಜೈಲಿಗೆ ಹೋಗ್ತೀನಿ, ಅಲ್ವಾ ಮೇಡಂ?”

“ಹಳೇ ಬೋಲ್ಟು ಹಾಕಿದ್ರಾ?”

ಅವನು ಎರಡು ಬೋಲ್ಟು ತಂದು ಅವಳ ಅಂಗೈಯಲ್ಲಿಟ್ಟ. “ಇದು ಕಂಪನಿ ಚಕ್ರದ್ದು, ಕತ್ತು ಗುಂಡಗಿದೆ. ಇದು ಹೊಸ ಚಕ್ರದ್ದು, ಬುಗುರಿ ಹಾಗೆ ಇಳಿಜಾರು. ಗುಂಡಗಿರೋದನ್ನ ಹೊಸದಕ್ಕೆ ಹಾಕಿದ್ರೆ ಬಿಗಿಯಾದ ಹಾಗೇ ಕಾಣುತ್ತೆ. ಓಡ್ತಾ ಓಡ್ತಾ ಸಡಿಲ ಆಗುತ್ತೆ. ಅದಕ್ಕೇ ಹಳೇವು ಇಪ್ಪತ್ತನ್ನೂ ಎಣಿಸಿ, ಚೀಲದಲ್ಲಿ ಕಟ್ಟಿ, ಹಳೇ ಚಕ್ರಗಳ ಜೊತೆ ಮನೆಗೆ ಕಳಿಸ್ದೆ. ಅವರ ತಮ್ಮನಿಗೂ ಬಿಡಿಸಿ ಹೇಳಿದ್ದೆ.”

“ಬೇರೆ ಯಾರಿಗೆ ಹೇಳಿದ್ರಿ?”

“ಯಾರಿದ್ರು? ಆಯಮ್ಮನ ಡ್ರೈವರು ಕೆಲಸ ಶುರುವಾಗೋಕೆ ಮುಂಚೆನೇ ಜಗಳ ಆಡ್ಕೊಂಡು ಹೋದ.”

ಜಗಳ ಎಂದೊಡನೆ ಅವಳು ಎದ್ದು ನಿಂತಳು.

* * *

ಡ್ರೈವರು ಮನೆಯ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹೊಲಿಯುತ್ತಿದ್ದ. ಜಗಳವನ್ನು ಮುಚ್ಚಿಡಲಿಲ್ಲ.

“ಅಮ್ಮನ ತಮ್ಮನ ಜೊತೆ ಆಡ್ದೆ ಮೇಡಂ. ದೊಡ್ಡ ಚಕ್ರ ಹಾಕಿದ್ರೆ ಟೈರಿನ ಪಕ್ಕದ ರಬ್ಬರು ನಾಲ್ಕು ಬೆರಳೂ ಇರಲ್ಲ. ಒಂದೊಂದು ಗುಂಡಿನೂ ಅಮ್ಮನ ಬೆನ್ನಿಗೇ ಹೊಡೆಯುತ್ತೆ. ಶೋಕಿಗೆ ಬೆನ್ನು ಮುರೀಬೇಡಿ ಅಂದೆ. ಕೇಳ್ಲಿಲ್ಲ. ಚಾವಿ ಎಲ್ಲಾ ಅವರ ಕೈಗೆ ಕೊಟ್ಟು ಬಂದೆ.”

ಅವಳು ಎರಡೂ ಬೋಲ್ಟು ತೋರಿಸಿದಳು. “ಹೊಸ ಚಕ್ರದ್ದು ಯಾವುದು?”

ಅವನು ತಿರುಗಿಸಿ ತಿರುಗಿಸಿ ನೋಡಿದ. “ಬೋಲ್ಟು ಅಂದ್ರೆ ಬೋಲ್ಟು. ಅದ್ರಲ್ಲೇನಿದೆ?” ಆಮೇಲೆ ದನಿ ತಗ್ಗಿಸಿದ. “ಬರೋ ಸೋಮವಾರ ಅಮ್ಮ ಆ ತಮ್ಮನ್ನ ಉಗ್ರಾಣದಿಂದ ಬಿಡಿಸಿ ಮಗಳನ್ನ ಆ ಜಾಗಕ್ಕೆ ಕೂರಿಸ್ತಿದ್ರು. ಅಂಥಾ ಹೊತ್ತಲ್ಲಿ ಇವರಿಗೆ ಉಡುಗೊರೆ ಕೊಡೋ ಪ್ರೀತಿ ಎಲ್ಲಿಂದ ಉಕ್ಕಿತೋ.”

* * *

ಠಾಣೆಯ ಅಂಗಳದಲ್ಲಿ ಬಿದ್ದಿದ್ದ ಚಕ್ರವನ್ನು ಚಕ್ರಪಾಣಿಗೆ ತೋರಿಸಿದಳು. ಅವನು ಮಂಡಿಯೂರಿ ಕೆಸರು ಒರೆಸಿದ. ಕಪ್ಪು ಲೋಹದ ಐದು ತೂತುಗಳ ಅಂಚಿನಲ್ಲೂ ಒಂದೊಂದು ಹಳದಿ ಗೀಟು.

“ನನ್ನ ಗೆರೆ ಮೇಡಂ! ಬಿಗಿ ಮಾಡಿದ ಮೇಲೆ ಬೋಲ್ಟಿನ ತಲೆಯಿಂದ ಚಕ್ರದ ಮೇಲಕ್ಕೆ ಒಂದೇ ಗೆರೆ ಎಳೀತೀನಿ. ಬೋಲ್ಟು ಕೂದಲೆಳೆ ತಿರುಗಿದ್ರೂ ಗೆರೆ ಮುರಿದು ತೋರಿಸ್ಕೊಡುತ್ತೆ.”

ರಸ್ತೆಯಲ್ಲಿ ಸಿಕ್ಕ ಮೂರರ ತಲೆಯ ಮೇಲೂ ಹಳದಿಯ ಸುಳಿವಿರಲಿಲ್ಲ. ಅರ್ಧ ಗೆರೆ ಇಲ್ಲಿದೆ, ಇನ್ನರ್ಧ ಎಲ್ಲಿ? ಅವಳು ಟೋಪಿ ಎತ್ತಿಕೊಂಡು ಓಡಿದಳು.

* * *

ಕಾರು ನಿಲ್ಲಿಸುವ ಶೆಡ್ಡಿನ ಬಾಗಿಲನ್ನು ತಮ್ಮನೇ ತೆರೆದ.

“ಶೆಡ್ಡಿನ ಚಾವಿ ಯಾವಾಗ್ಲಿಂದ ನಿಮ್ಮ ಹತ್ರ ಇದೆ?”

“ಡ್ರೈವರು ಬಿಟ್ಟು ಹೋದಾಗ್ಲಿಂದ. ಇರೋದೇ ಒಂದು.”

ಹಳೆಯ ಚಕ್ರಗಳ ಮೇಲೆ ಚೀಲ ಇತ್ತು. ಅವಳು ಕೈ ಹಾಕುವ ಮೊದಲೇ ಅವನೆಂದ, “ಎಣಿಸಿಕೊಳ್ಳಿ, ಇಪ್ಪತ್ತೂ ಇವೆ.”

ಅವಳು ನೆಲಕ್ಕೆ ಸುರಿದಳು. ಇಪ್ಪತ್ತು ಇದ್ದವು. ಹದಿನೈದು ಧೂಳು ಹಿಡಿದು ಕಪ್ಪಾಗಿದ್ದವು. ಐದು ಹೊಳೆಯುತ್ತಿದ್ದವು. ಹೊಳೆಯುವ ಐದರ ತಲೆಯ ಮೇಲೂ ಹಳದಿ ಗೀಟು.

ತಮ್ಮ ಬಗ್ಗಿ ಒಂದನ್ನು ಎತ್ತಿ ನೋಡಿದ. “ಅದು... ಕಂಪನಿ ಗುರುತು ಅಂದ್ಕೊಂಡೆ.”

“ಅಂದ್ರೆ ಬಿಚ್ಚುವಾಗ ನೋಡಿದ್ರಿ,” ಎಂದಳು. “ಬೆಳಿಗ್ಗೆ ಅಕ್ಕ ಹೊರಡೋ ಮುಂಚೆ ಚಕ್ರ ಎತ್ತದೇನೇ ಒಂದೊಂದಾಗಿ ಬದಲಾಯಿಸಿದ್ರಿ. ಯಾವ ಬೋಲ್ಟು ಸಡಿಲ ಆಗುತ್ತೆ ಅನ್ನೋದು ನಿಮಗೆ ಗೊತ್ತಿತ್ತು, ಡ್ರೈವರಿಗೆ ಗೊತ್ತಿರಲಿಲ್ಲ. ನಮ್ಮ ಪೇದೆಗೆ ಒಂದು ಬೋಲ್ಟೂ ಸಿಗೋಕೆ ಮೊದಲೇ ನೀವು ಹಳೇ ಬೋಲ್ಟು ಅಂತ ಕೂಗಾಡಿದ್ರಿ. ಚೀಲದಲ್ಲಿ ಬರೀ ಹದಿನೈದು ಬಿಟ್ಟಿದ್ರೆ ಉಳಿದ ಐದನ್ನ ಅಂಗಡಿಯವನೇ ಹಾಕಿದ ಅಂತ ನಾನೂ ನಂಬ್ತಿದ್ದೆ, ಪಾಪ, ಅವನು ಜೈಲಲ್ಲಿರ್ತಿದ್ದ. ಆದ್ರೆ ಉಗ್ರಾಣದ ಕೈ ನೋಡಿ, ಎಣಿಕೆ ಕಮ್ಮಿ ಆಗೋಕೆ ಬಿಡಲಿಲ್ಲ.”

ಅವನು ಹಳೆಯ ಟೈರಿನ ಮೇಲೆ ಕುಸಿದು ಕೂತ. “ಹದಿನೆಂಟು ವರ್ಷ ನಾನು ನೋಡ್ಕೊಂಡ ಉಗ್ರಾಣ ಮೇಡಂ,” ಎಂದ. ಜೊತೆಗೆ ಬಂದಿದ್ದ ಪೇದೆ ಅವನ ಕೈಗೆ ಬೇಡಿ ಹಾಕಿದ.

* * *

ಸಂಜೆ ಅವಳೇ ಅಂಗಡಿಗೆ ಹೋಗಿ ವಿಷಯ ತಿಳಿಸಿದಳು. ಚಕ್ರಪಾಣಿ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡ. ಈ ಗೆರೆಯ ಅಭ್ಯಾಸ ಎಲ್ಲಿಂದ ಬಂತು ಎಂದು ಕೇಳಿದಳು.

“ಒಂದ್ಸಲ ಬಿಗಿ ಮಾಡಿದ್ನೋ ಇಲ್ವೋ ಅಂತ ಅನುಮಾನ ಬಂದು, ಬಸ್ಸಿನ ಹಿಂದೆ ಸೈಕಲ್ ತುಳ್ಕೊಂಡು ಎಂಟು ಮೈಲಿ ಹೋಗಿದ್ದೆ ಮೇಡಂ. ಬಿಗಿಯಾಗೇ ಇತ್ತು. ಅವತ್ತಿಂದ ಎಳೀತೀನಿ.”

ಅಷ್ಟರಲ್ಲಿ ಆಸ್ಪತ್ರೆಯಿಂದ ಪೇದೆಯ ಫೋನು ಬಂತು.

“ಆಯಮ್ಮನಿಗೆ ಎಚ್ಚರ ಆಯ್ತು ಮೇಡಂ. ತಮ್ಮನ್ನ ಕೇಳ್ತಿದಾರೆ. ಅವನು ಆಸೆಪಟ್ಟು ಕೊಡಿಸಿದ ಚಕ್ರ ಹಾಳಾಯ್ತಾ, ಬೇಜಾರು ಮಾಡ್ಕೋತಾನೆ ಅಂತಿದಾರೆ. ಏನ್ ಹೇಳ್ಲಿ?”

ಇಡೀ ದಿನ ನಿಂತಲ್ಲಿ ನಿಲ್ಲದವಳು ಫೋನು ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಆಮೇಲೆ, “ಏನೂ ಹೇಳ್ಬೇಡ, ನಾನೇ ಬರ್ತೀನಿ,” ಎಂದಳು.