ಶೀಟ್ ಮನೆಯ ಡಾಬು

"ನಾನು ಕದ್ದಿಲ್ಲ, ಖಾಲಾ. ಅತ್ತು ಕರೆಯೋಕೂ ಬಂದಿಲ್ಲ. ಕದ್ದೋರು ಯಾರು ಅಂತ ಹುಡುಕಿಕೊಡಿ, ಸಾಕು."

ಹಾಲಿನ ಬೂತು ಮುಚ್ಚಿ ಬಂದು, ಎದುರು ಮನೆಯ ಜಾಹಿದಾ ಅವರ ಜೊತೆ ಚಹಾ ಕುಡಿಯುತ್ತ ಕೂತಿದ್ದ ಮುನಿಶಾಮಮ್ಮ ಲೋಟ ಕೆಳಗಿಟ್ಟಳು. ಹೊಸ್ತಿಲಲ್ಲಿ ನಿಂತಿದ್ದವಳು ಸಬಾ, ಆರ್.ಟಿ. ನಗರದ ಹುಡುಗಿ. ಮನೆಗಳ ಸೂರಿಗೆ ಒಳಗಿನಿಂದ ಫೋಮ್ ಹೊಡೆಯುವುದು ಅವಳ ಕಸುಬು. ಎರಡು ಡ್ರಮ್ಮಿನ ದ್ರಾವಣ ಗನ್ನಿನ ಬಾಯಲ್ಲಿ ಬೆರೆತು, ಶೀಟಿಗೆ ತಾಗಿದ ಕೂಡಲೇ ಹಾಲು ಉಕ್ಕಿದಂತೆ ಉಬ್ಬಿ, ನೋಡನೋಡುತ್ತಲೇ ಗಟ್ಟಿಯಾಗುತ್ತದೆ. ಆಮೇಲೆ ಮೇಲೆ ಬಿಸಿಲು ಎಷ್ಟೇ ಕಾಯಲಿ, ಕೆಳಗೆ ತಂಪು.

ಯಲಹಂಕದಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಜಾಹಿದಾ ಅವರ ಬಾಗಿಲು ತಟ್ಟುತ್ತಿದ್ದರು. ಯಶವಂತಪುರ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ದಿಕ್ಕು ತಪ್ಪಿದ ಮೂಟೆ, ಪೆಟ್ಟಿಗೆಗಳನ್ನು ಹುಡುಕಿ ಹುಡುಕಿಯೇ ತಲೆಗೂದಲು ಬೆಳ್ಳಗಾದ ಹೆಂಗಸು ಆಕೆ. ಅವರು ಎಲ್ಲಿಗೆ ಹೊರಟರೂ ಮುನಿಶಾಮಮ್ಮ ಬೆನ್ನಿಗಿರಲೇಬೇಕು. ತಲೆ ಅವರದು, ಬಾಯಿ ಇವಳದು ಎಂದು ಬೀದಿಯವರು ನಗುತ್ತಿದ್ದರು. ನಗಲಿ ಬಿಡಿ, ಹೊಟ್ಟೆಕಿಚ್ಚು.

"ಕೂತ್ಕೊಂಡು ಹೇಳಮ್ಮ," ಎಂದರು ಜಾಹಿದಾ.

ಸಬಾ ಕೂರಲಿಲ್ಲ, ನಿಂತೇ ಹೇಳಿದಳು. ಹೆಸರಘಟ್ಟದ ಹುಲ್ಲುಗಾವಲಿನ ಅಂಚಿನಲ್ಲಿ ಮುನಿಶಾಮಪ್ಪನವರ ಶೀಟ್ ಮನೆ. ಮೇಲೆ ಕಾದ ಹೆಂಚಿನಂಥ ಬಿಸಿಲು, ಪಕ್ಕದಿಂದ ಬಯಲುಗಾಳಿ. ನಿನ್ನೆ ಅಲ್ಲಿ ಕೆಲಸ. ಫೋಮಿನ ಘಾಟು ಆರೋಗ್ಯಕ್ಕೆ ಕೆಟ್ಟದ್ದೆಂದು ಮನೆಯವರನ್ನೆಲ್ಲ ಹೊರಗೆ ಕಳಿಸಿ, ಮೊದಲು ಹಿಂದಿನ ಕೋಣೆ, ಆಮೇಲೆ ನಡುಮನೆ ಮುಗಿಸಿದ್ದಾಳೆ. ಸಂಜೆ ಮುನಿಶಾಮಪ್ಪನವರ ಮಗ ಸತೀಶ್ ಹಿಂದಿನ ಕೋಣೆಯ ಬೀರು ತೆಗೆದರೆ, ತೀರಿಹೋದ ತಾಯಿಯ ಚಿನ್ನದ ಡಾಬು ಇಲ್ಲ.

"ಗೇಟಿನ ಹತ್ರ ಊರೋರನ್ನೆಲ್ಲ ಸೇರಿಸಿ ಕಳ್ಳಿ ಅಂದ. ನನ್ನ, ಪಂಪ್ ನೋಡ್ಕೊಳ್ಳೋ ಮುದಸ್ಸಿರ್‌ನ, ಗಾಡೀನ, ಎಲ್ಲಾನೂ ಜಾಲಾಡಿದ್ರು. ಏನೂ ಸಿಗ್ಲಿಲ್ಲ. ಆದ್ರೂ ಗಾಡಿ ಕೀ ಕಿತ್ಕೊಂಡ. ಇವತ್ತು ಸಂಜೆಯೊಳಗೆ ಡಾಬು ತಂದಿಡ್ಬೇಕಂತೆ, ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟು. ನಿಮ್ಮೋರನ್ನ ಒಳಗೆ ಬಿಟ್ಟಿದ್ದೇ ತಪ್ಪು ಅಂತ ಬೇರೆ ಅಂದ, ಖಾಲಾ." ಸಬಾಳ ದನಿ ಅಲ್ಲಿ ಮಾತ್ರ ಸ್ವಲ್ಪ ಒಡೆಯಿತು. "ಗಾಡಿ ಹೋದ್ರೆ ಇನ್ನೊಂದು ಮಾಡ್ಕೋಬಹುದು. ಹೆಸರು ಹೋದ್ರೆ ಯಾರೂ ಮನೆಯೊಳಗೆ ಬಿಡಲ್ಲ. ಮನೆಯೊಳಗೆ ಬಿಡದೆ ನನ್ನ ಕೆಲಸ ಹೆಂಗೆ ನಡೆಯುತ್ತೆ?"

ಮುನಿಶಾಮಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಆಕ್ದಂಗಾಯ್ತು. ಏಳಿ ಜಾಯಿದಕ್ಕ, ಆ ದೊಡ್ಡ ಮನುಷ್ಯನ ಮುಖ ನೋಡ್ಕೊಂಡು ಬರಾನ."

ಮೂವರೂ ಹೆಸರಘಟ್ಟದ ಬಸ್ಸಿಳಿಯುವ ಹೊತ್ತಿಗೆ ಬಿಸಿಲು ನೆತ್ತಿಗೇರುತ್ತಿತ್ತು. ಪಡುವಣದಿಂದ ಗಾಳಿ ಸೆರಗು ನಿಲ್ಲಗೊಡದಂತೆ ಬೀಸುತ್ತಿತ್ತು. ಮನೆಯ ಮುಂಬಾಗಿಲೂ ಪಡುವಣಕ್ಕೇ. ಅಂಗಳದ ಹೊಂಗೆಮರದ ಕೆಳಗೆ ಸತೀಶನ ಕಪ್ಪು ಕಾರು, ಅದರ ಹಿಂದೆ ಸಬಾಳ ಗಾಡಿ, ಗಾಡಿ ಕಾಯುತ್ತ ಕೂತಿದ್ದ ಮುದಸ್ಸಿರ್.

ಸತೀಶ್ ಬಾಗಿಲಿಗೆ ಅಡ್ಡ ನಿಂತ. ಲೇಔಟ್ ಮಾಡಿ ಮಾರುವವನು. ಕೊರಳಲ್ಲಿ ಹುರಿ ಚೈನು, ಕಿವಿಯಲ್ಲಿ ಫೋನು. "ಡಾಬು ತಂದಿದೀಯಾ, ಇಲ್ಲ ಲಾಯರ್‌ನ ಕರ್ಕೊಂಡು ಬಂದಿದೀಯಾ?"

"ಬಾಯಿ ಬಿಗಿಯಿಡಿದು ಮಾತಾಡಪ್ಪ," ಎಂದಳು ಮುನಿಶಾಮಮ್ಮ. "ವಯಸ್ಸಾದೋರು ಬಂದವ್ರೆ, ನೀರು ಬೇಕಾ ಅಂತ ಕೇಳು ಮೊದ್ಲು."

ಒಳಗಿನಿಂದ ಮುನಿಶಾಮಪ್ಪನವರ ದನಿ ಕೇಳಿತು. "ಒಳಿಕ್ಕೆ ಬಿಡ್ಲಾ. ಹುಡುಕ್ತೀನಿ ಅಂತ ಬಂದೋರ್ನ ತಡೆಯಾದು ಯಾವ ನ್ಯಾಯ?" ಮಂಡಿನೋವಿನಿಂದ ಕುರ್ಚಿಗೆ ಅಂಟಿದ್ದ ಮುದುಕರು, ಆದರೂ ಮನೆಯಲ್ಲಿ ಇನ್ನೂ ಅವರ ಮಾತೇ ನಡೆಯುತ್ತಿತ್ತು. ಸೊಸೆ ಮಂಜುಶ್ರೀ ನೀರು ತಂದುಕೊಟ್ಟಳು. ತೆಳ್ಳಗಿನ ಹೆಂಗಸು, ತಗ್ಗಿಸಿದ ಮುಖ. ಚೊಂಬು ಕೊಟ್ಟು ನಿಂತವಳು ತನ್ನ ಹಸಿರು ಗಾಜಿನ ಬಳೆಗಳ ಮೇಲಿದ್ದ ರವೆಯಂಥ ಕಾಳುಗಳನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅಡುಗೆ ಮನೆಯ ಹೆಂಗಸರ ಕೈಗೆ ಏನೇನೋ ಮೆತ್ತಿರುತ್ತದೆ ಎಂದುಕೊಂಡು ಮುನಿಶಾಮಮ್ಮ ಚೊಂಬೆತ್ತಿದಳು.

"ನಿನ್ನೆ ಕೆಲಸ ನಡೆಯುವಾಗ ನೀವೆಲ್ಲ ಎಲ್ಲಿದ್ರಿ?" ಎಂದು ಜಾಹಿದಾ ಕೇಳಿದರು.

"ಅಂಗಳದಲ್ಲಿ, ಮರದ ಕೆಳಗೆ," ಎಂದ ಸತೀಶ್. "ಅಪ್ಪ ಕುರ್ಚಿಯಲ್ಲಿ ತೂಕಡಿಸ್ತಿದ್ರು. ನಾನು ಪಂಪ್ ಹತ್ರ ಆ ಮುದಸ್ಸಿರ್ ಜೊತೆ ಫೋಮಿನ ವಿಷ್ಯ ಕೇಳ್ಕೊಂಡು, ಫೋನಲ್ಲಿ ಮಾತಾಡ್ಕೊಂಡು ಇದ್ದೆ. ಅವನನ್ನೇ ಕೇಳಿ."

"ಹೂಂ, ಅವರು ಅಲ್ಲಿಂದ ಕದಲಲಿಲ್ಲ," ಎಂದಳು ಸಬಾ, ಮನಸ್ಸಿಲ್ಲದೆ. "ಮುದಸ್ಸಿರ್ ನನಗೂ ಹಂಗೇ ಹೇಳ್ದ."

"ನಾನೂ ಮಾವನ ಪಕ್ಕದಲ್ಲೇ ಇದ್ದೆ," ಎಂದಳು ಮಂಜುಶ್ರೀ. "ಎಲ್ಲಾ ಮುಗಿಯೋವರ್ಗೂ ಮನೆ ಕಡೆ ತಲೆ ಹಾಕ್ಲಿಲ್ಲ."

"ಡಾಬು ಯಾವಾಗಲೂ ಬೀರುವಿನಲ್ಲೇ ಇಡ್ತಿದ್ರಾ?"

"ಬ್ಯಾಂಕ್ ಲಾಕರ್‌ನಲ್ಲಿತ್ತು. ಮೊನ್ನೆ ನಾನೇ ತಂದೆ," ಎಂದ ಸತೀಶ್.

"ಯಾಕೆ?"

"ಅದು ನಮ್ಮ ಮನೆ ವಿಷ್ಯ ಕಣ್ರೀ. ಕದ್ದಿದ್ದು ಯಾರು ಅಂತ ಹೇಳಿ, ತಂದಿದ್ದು ಯಾಕೆ ಅಂತ ಅಲ್ಲ."

ಇವನೇ ಕಳ್ಳ ಎಂದು ಮುನಿಶಾಮಮ್ಮ ಆ ಕ್ಷಣವೇ ತೀರ್ಮಾನ ಮಾಡಿಬಿಟ್ಟಳು. ಮುಖ ನೋಡಿದರೇ ಗೊತ್ತಾಗುವುದಿಲ್ಲವೇ? ಜಾಹಿದಾ ಮಾತ್ರ ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಸಬಾಳನ್ನು ಕರೆದುಕೊಂಡು ಮನೆಯ ಸುತ್ತ ಒಂದು ಸುತ್ತು ಬಂದರು. ಅಂಗಳದ ಕಪ್ಪು ಕಾರಿನ ಮೇಲೆ ಬೆರಳಾಡಿಸಿದರು. ಧೂಳು ಬಿಟ್ಟರೆ ಬೇರೇನಿಲ್ಲ. ಹಿತ್ತಲ ಬಾಗಿಲಿನ ಬಳಿಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾತ್ರ ಕೆನೆಬಣ್ಣದ ಕಾಳುಗಳು ಚೆಲ್ಲಿದಂತೆ ಅಂಟಿದ್ದವು.

"ಇದೇನಮ್ಮ?"

"ಫೋಮಿನ ಹುಡಿ, ಖಾಲಾ. ಕಿಟಕಿಗೆಲ್ಲ ಪ್ಲಾಸ್ಟಿಕ್ ಕಟ್ಟಿರ್ತೀನಿ. ನಿನ್ನೆಯೂ ಇದೇ ಗಾಳಿ. ನಡುಮನೆ ಹೊಡೆಯುವಾಗ ಮುಂದಿನ ಕಿಟಕಿ ಪ್ಲಾಸ್ಟಿಕ್ ಹರಿದು, ಹುಡಿಯೆಲ್ಲ ಹಿಂದಿನ ಕೋಣೆಗೆ ನುಗ್ಗಿ ಹಿತ್ತಲಿಗೆ ಬಂದಿದೆ. ಮೈಗೆ ತಾಗಿದ್ರೆ ಸೋಪಿಗೂ ಹೋಗಲ್ಲ."

"ಹಿಂದಿನ ಕೋಣೆಗೆ ಯಾರಾದ್ರೂ ಬಂದ್ರೆ ನಿನಗೆ ಗೊತ್ತಾಗ್ತಿತ್ತಾ?"

"ಮುಖಕ್ಕೆ ಮಾಸ್ಕು, ಕಿವಿಗೆ ಮೆಷಿನ್ ಸದ್ದು. ಆನೆ ಬಂದ್ರೂ ಗೊತ್ತಾಗಲ್ಲ."

ಹಿಂದಿನ ಕೋಣೆ ಅಡುಗೆಮನೆಗೆ ಅಂಟಿಕೊಂಡಿತ್ತು. ಬೀರು, ಅದರ ಪಕ್ಕದಲ್ಲಿ ಏಣಿ, ಏಣಿಯ ಮೇಲೆ ಪಾತ್ರೆ ಪಡಗ ಇಡುವ ಅಟ್ಟ. ಸೂರಿನ ತುಂಬ ಫೋಮು, ಉಬ್ಬುತಗ್ಗಾಗಿ, ಕೆನೆಗಟ್ಟಿದಂತೆ. ಹೊರಗೆ ಶೀಟಿನ ಮೇಲೆ ಕಾಲಿಟ್ಟರೆ ಬೊಬ್ಬೆ ಏಳುವಂಥ ಬಿಸಿಲು, ಒಳಗೆ ಮಡಕೆ ನೀರಿನ ತಂಪು. ಹುಡುಗಿ ಕೈಗೆಲಸ ಗಟ್ಟಿ ಎಂದು ಮುನಿಶಾಮಮ್ಮ ಮೆಚ್ಚಿಕೊಂಡಳು.

"ನನ್ನ ಮಂಡಿ ಕೇಳಲ್ಲ. ನೀನು ಅಟ್ಟ ಹತ್ತು ಮುನಿಶಾಮಮ್ಮ. ಯಾರೂ ಹುಡುಕದ ಜಾಗ ಸೂರೊಂದೇ, ಅದಕ್ಕೆ ಅಂಗೈ ಇಟ್ಟುಕೊಂಡು ಹೋಗು. ಎಲ್ಲಾದರೂ ಬೇರೆ ಥರ ಅನ್ನಿಸಿದರೆ ಹೇಳು," ಎಂದರು ಜಾಹಿದಾ.

ಮುನಿಶಾಮಮ್ಮ ಸೆರಗು ಸಿಕ್ಕಿಸಿ ಹತ್ತಿದಳು. ಅಂಗೈ ಇಟ್ಟಲ್ಲೆಲ್ಲ ತಂಪು. ಮೂಲೆಯಲ್ಲಿ ಕಬ್ಬಿಣದ ಪಟ್ಟಿಯ ಮರೆಗೆ ಕೈ ಹೋದಾಗ ಬೆಚ್ಚಿ ಹಿಂದಕ್ಕೆಳೆದುಕೊಂಡಳು. "ಇಲ್ಲೊಂದು ರೊಟ್ಟಿಯಗಲ ಬಿಸಿ ಐತಕ್ಕ. ಥೂ, ಇರುವೆ ಬೇರೆ. ಗೋಡೆ ಹಿಡ್ಕೊಂಡು ಸಾಲು ಇಲ್ಲಿಗೇ ಬಂದೈತೆ."

"ಇರುವೆಗೆ ಅಲ್ಲೇನು ಕೆಲಸ?" ಎಂದಳು ಸಬಾ. "ಫೋಮ್ ತಿನ್ನಲ್ಲ ಅವು."

"ಬಿಸಿ ಜಾಗದ ಸುತ್ತ ಉಗುರಿನಿಂದ ಒಂಚೂರು ಕೆರೆದು ಬಾಯಿಗಿಡು," ಎಂದರು ಜಾಹಿದಾ.

"ಬಾಯಿಗಾ?" ಎಂದು ಗೊಣಗಿದರೂ ಅವಳು ಇಟ್ಟಳು. ಇಟ್ಟ ಕೂಡಲೇ ಮುಖದ ಮೇಲೆ ಬೆರಗು ಮೂಡಿತು. "ಅಕ್ಕಿ ಹಿಟ್ಟು ಕಣಕ್ಕ. ಉಪ್ಪೂ ಐತೆ. ರೊಟ್ಟಿ ಹಿಟ್ಟು."

"ಬೇರೆ ಏನೂ ಮುಟ್ಟಬೇಡ, ಇಳಿ. ಎಲ್ಲರನ್ನೂ ಇಲ್ಲಿಗೇ ಕರಿ," ಎಂದರು ಜಾಹಿದಾ. ಅವರ ಕಣ್ಣು ಆಗಲೇ ಎಲ್ಲವನ್ನೂ ಜೋಡಿಸಿ ಮುಗಿಸಿತ್ತು. ಮುನಿಶಾಮಮ್ಮನಿಗೆ ಇನ್ನೂ ತಲೆಬುಡ ತಿಳಿದಿರಲಿಲ್ಲ, ಆದರೆ ಅದನ್ನು ಸತೀಶನ ಮುಂದೆ ತೋರಿಸಿಕೊಳ್ಳುವವಳೇ ಅವಳು?

ಮುನಿಶಾಮಪ್ಪನವರನ್ನು ಕುರ್ಚಿ ಸಮೇತ ತಂದು ಕೂರಿಸಿದರು. ಸತೀಶ್ ಕೈಕಟ್ಟಿ ನಿಂತ. ಮಂಜುಶ್ರೀ ಅಡುಗೆಮನೆಯ ಬಾಗಿಲಿಗೆ ಒರಗಿದಳು. ಗೇಟಿನ ಹೊರಗೆ ಅಕ್ಕಪಕ್ಕದವರು ತಮಾಷೆ ನೋಡಲು ಆಗಲೇ ಸೇರಿದ್ದರು.

"ಡಾಬು ಮನೆ ಬಿಟ್ಟು ಹೋಗೇ ಇಲ್ಲ," ಎಂದು ಶುರುಮಾಡಿದರು ಜಾಹಿದಾ. "ಈ ಅಟ್ಟದ ಮೂಲೆಯಲ್ಲಿದೆ. ಫೋಮ್ ಸರಿಯಾಗಿ ಇರೋ ಕಡೆಯೆಲ್ಲ ಸೂರು ತಂಪು. ಒಂದು ಕಡೆ ಮಾತ್ರ ಬಿಸಿ. ಅಂದ್ರೆ ಅಲ್ಲಿ ಯಾರೋ ಶೀಟಿನವರೆಗೂ ಕೊರೆದು, ಹಳ್ಳದಲ್ಲಿ ಏನನ್ನೋ ಇಟ್ಟು, ಮೇಲೆ ಫೋಮಿನದೇ ತೆಳ್ಳಗಿನ ಒಂದು ಬಿಲ್ಲೆ ಮುಚ್ಚಿದಾರೆ."

"ಅದನ್ನೇ ನಾನು ಹೇಳಿದ್ದು," ಎಂದ ಸತೀಶ್. "ಫೋಮ್ ಹೊಡೆದವಳೇ ಬಚ್ಚಿಟ್ಟಿದಾಳೆ. ಆಮೇಲೆ ಬಂದು ತಗೊಂಡು ಹೋಗೋಕೆ."

"ಅವಳೇ ಆಗಿದ್ರೆ ಸಂದು ಮುಚ್ಚೋಕೆ ಕೈಯಲ್ಲಿ ಗನ್ ಇತ್ತು. ಒಂದು ಸಲ ಒತ್ತಿದ್ರೆ ಗುರುತೇ ಇರ್ತಿರಲಿಲ್ಲ. ಇಲ್ಲಿ ಸಂದಿಗೆ ಮೆತ್ತಿರೋದು ರೊಟ್ಟಿಗೆ ಕಲಸಿದ ಅಕ್ಕಿ ಹಿಟ್ಟು. ಬಣ್ಣ ಫೋಮಿನದೇ, ಕಣ್ಣಿಗೆ ಕಾಣಲ್ಲ. ಆದ್ರೆ ಇರುವೆಗೆ ಕಣ್ಣು ಬೇಕಾಗಿಲ್ಲ. ಮುನಿಶಾಮಮ್ಮ, ಹಬೆಯಾಡೋ ಪಾತ್ರೆ ಮುಚ್ಚಳ ಸೋರಿದ್ರೆ ನೀನು ಏನ್ ಮಾಡ್ತೀಯ?"

"ಹಿಟ್ಟು ಮೆತ್ತೀನಿ. ಬಿರುಕು ಬಿಟ್ಟ ಮಡಕೆಗೂ ಅದೇ. ನಮ್ಮವ್ವನೂ ಅದೇ ಮಾಡ್ತಿದ್ಲು." ಹೇಳುತ್ತಿದ್ದಂತೆ ಅವಳ ನಾಲಿಗೆ ನಿಧಾನವಾಯಿತು.

"ನೋಡಿ. ಗಂಡಸರಾಗಿದ್ರೆ ಅಂಗಡಿಯಿಂದ ಪುಟ್ಟಿ ತರ್ತಿದ್ರು. ತೂತು ಕಂಡ ಕೂಡಲೇ ಕೈ ಹಿಟ್ಟಿಗೆ ಹೋಗೋದು ದಿನಾ ಒಲೆ ಮುಂದೆ ನಿಲ್ಲೋರಿಗೆ ಮಾತ್ರ." ಜಾಹಿದಾ ತಿರುಗಿದರು. "ಮಂಜುಶ್ರೀ, ನೀವು ಅಂಗಳ ಬಿಟ್ಟು ಕದಲಲಿಲ್ಲ ಅಂದ್ರಿ. ನಿನ್ನೆ ಗಾಳಿ ಪಡುವಣದ್ದು. ನಿನ್ನೆಯಿಂದ ಅಂಗಳದಲ್ಲೇ ಇರೋ ಕಾರಿನ ಮೇಲೆ ಒಂದು ಕಾಳೂ ಬಿದ್ದಿಲ್ಲ. ಹುಡಿ ಹೋಗಿದ್ದು ಹಿಂದಿನ ಕೋಣೆಗೆ, ಹಿತ್ತಲಿಗೆ. ಹಾಗಿದ್ದ ಮೇಲೆ ನಿಮ್ಮ ಬಳೆಗೆ ಹೆಂಗಮ್ಮ ಅಂಟಿತು?"

ಮಂಜುಶ್ರೀಯ ಕೈ ತಾನಾಗಿ ಬಳೆಯನ್ನು ಮುಚ್ಚಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

"ಮಾವನವರು ತೂಕಡಿಸ್ತಿದ್ರು, ಗಂಡ ಪಂಪ್ ಕಡೆ ತಿರುಗಿದ್ದ. ಸಬಾ ನಡುಮನೆಗೆ ಹೋದ ಮೇಲೆ ನೀವು ಹಿತ್ತಲ ಬಾಗಿಲಿಂದ ಬಂದ್ರಿ. ಅಡುಗೆಮನೆ ಚಾಕು, ಬೆಳಗ್ಗೆ ಕಲಸಿಟ್ಟ ಹಿಟ್ಟು. ಕೊರೆದ ಚೂರು ನೆಲಕ್ಕೆ ಬಿದ್ರೂ ಸಬಾ ಗುಡಿಸಿದ ಚೂರಿನ ಜೊತೆ ಹೋಯ್ತು. ಯಾಕೆ ಅಂತಲೂ ಹೇಳ್ಲಾ? ಲಾಕರ್‌ನಲ್ಲಿದ್ದ ಡಾಬು ಯಾಕೆ ಮನೆಗೆ ಬಂತು ಅಂದ್ರೆ ನಿಮ್ಮ ಯಜಮಾನರು ಬಾಯಿ ಬಿಡಲಿಲ್ಲ. ಉತ್ತರ ಅಲ್ಲೇ ಇದೆ."

ಮುನಿಶಾಮಮ್ಮ ತಡೆಯಲಾರದೆ ಏಣಿ ಹತ್ತಿ, ಬಿಲ್ಲೆ ಕಿತ್ತು ಕೈ ಹಾಕಿದಳು. ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿದ ಡಾಬು ಬಿಸಿಬಿಸಿಯಾಗಿ ಹೊರಬಂತು.

ಸತೀಶ್ ಹೆಂಡತಿಯ ಕಡೆ ನುಗ್ಗಿದ. "ಏನೇ ಇದು?"

ಅಲ್ಲಿಯವರೆಗೆ ತಗ್ಗಿದ್ದ ಮುಖ ಮೇಲೆದ್ದಿತು. "ಅತ್ತೆ ಇದನ್ನ ನನ್ನ ಸೊಂಟಕ್ಕೆ ಕಟ್ಟಿ ಹೋದ್ರು. ಮಾಕಳಿ ಸೈಟಿಗೆ ಅಂತ ನೀವು ಇದನ್ನ ಮಾರೋಕೆ ಹೊರಟ್ರಿ. ಕೇಳಿದ್ರಾ ನನ್ನ? ಬೇಡ ಅಂದ್ರೆ ಕೇಳಿಸ್ಕೊಂಡ್ರಾ? ಹೌದು, ಬಚ್ಚಿಟ್ಟೆ. ಇನ್ನೊಂದು ಸಲ ಮಾರ್ತೀನಿ ಅಂದ್ರೆ ಇನ್ನೊಂದು ಸಲ ಬಚ್ಚಿಡ್ತೀನಿ."

"ನಿಜ ಏಳ್ತಾವ್ಳೆ," ಎಂದರು ಮುನಿಶಾಮಪ್ಪ. "ನಿಮ್ಮವ್ವ ಸಾಯೋಕ್ ಮುಂಚೆ ಸೊಸೆಗೇ ಅಂದಿದ್ಲು. ನಾನೇ ಸಾಕ್ಷಿ. ನಿನ್ನ ಸೈಟಿಗೆ ಬೆಂಕಿ ಬೀಳ, ಅದನ್ಯಾಕ್ಲಾ ಮುಟ್ದೆ?"

ಮುನಿಶಾಮಮ್ಮನಿಗೆ ಚಪ್ಪಾಳೆ ತಟ್ಟಬೇಕೆನಿಸಿತು. ಆದರೆ ಜಾಹಿದಾ ಅವರ ಮುಖ ಸಡಿಲವಾಗಿರಲಿಲ್ಲ.

"ನಿಮ್ಮದನ್ನ ಉಳಿಸ್ಕೊಂಡಿದ್ದು ತಪ್ಪಲ್ಲಮ್ಮ. ನಿನ್ನೆ ಸಂಜೆ ಗೇಟಿನ ಮುಂದೆ ಈ ಹುಡುಗೀನ ಕಳ್ಳಿ ಅನ್ನುವಾಗ ಬಾಯಿ ಮುಚ್ಕೊಂಡು ನಿಂತ್ರಲ್ಲ, ಅದು ತಪ್ಪು. ಗಂಡ ಡಾಬು ಮಾರೋಕೆ ಹೊರಟ. ನೀವು ಇವಳ ಹೆಸರನ್ನೇ ಅಡ ಇಟ್ರಿ."

ಮಂಜುಶ್ರೀ ಮೊದಲ ಸಲ ಸಬಾಳ ಮುಖವನ್ನು ನೇರವಾಗಿ ನೋಡಿದಳು. ಆಮೇಲೆ ಮುನಿಶಾಮಮ್ಮನ ಕೈಯಿಂದ ಡಾಬು ತೆಗೆದುಕೊಂಡು ಎಲ್ಲರ ಮುಂದೆ ಸೊಂಟಕ್ಕೆ ಬಿಗಿದುಕೊಂಡಳು. ನಡುಮನೆ ದಾಟಿದಳು, ಅಂಗಳ ದಾಟಿದಳು.

"ಎಲ್ಲಿಗೆ? ಮರ್ಯಾದೆ ಕಳೀಬೇಡ, ಒಳಗೆ ಬಾ," ಎಂದು ಸತೀಶ್ ಹಿಂದೆ ಓಡಿದ. ಅವಳು ನಿಲ್ಲಲಿಲ್ಲ. ಗೇಟನ್ನು ಪೂರ್ತಿ ತೆರೆದು, ಸೇರಿದ್ದ ಜನಕ್ಕೆಲ್ಲ ಕೇಳುವಂತೆ ಹೇಳಿದಳು:

"ಡಾಬು ತೆಗೆದಿದ್ದು ನಾನು. ಈ ಸಬಾ ಕದ್ದಿಲ್ಲ. ನಿನ್ನೆ ಇದೇ ಜಾಗದಲ್ಲಿ ಗೊತ್ತಿದ್ದೂ ಸುಮ್ನಿದ್ದೆ. ನನ್ನದು ತಪ್ಪಾಯ್ತು. ನಿನ್ನೆ ಇವಳನ್ನ ಬೈದೋರೆಲ್ಲ ಇವತ್ತು ನನ್ನ ಬೈಯಿರಿ."

ಯಾರೂ ಬೈಯಲಿಲ್ಲ. ಮುನಿಶಾಮಮ್ಮನ ಕಣ್ಣು ತುಂಬಿತು. ಸಿಟ್ಟು ಯಾರ ಮೇಲೆ ಇಟ್ಟುಕೊಳ್ಳಬೇಕೆಂದೇ ಅವಳಿಗೆ ತಿಳಿಯಲಿಲ್ಲ.

ಸತೀಶನ ಮುಖ ಕಪ್ಪಿಟ್ಟಿತ್ತು. ಜೇಬಿನಿಂದ ಗಾಡಿಯ ಕೀ ತೆಗೆದು ಸಬಾಳ ಕಾಲ ಬಳಿ ಮಣ್ಣಿಗೆ ಎಸೆದ. "ತಗೊಂಡು ಹೋಗು. ಮುಗೀತಲ್ಲ."

ಸಬಾ ಬಗ್ಗಲಿಲ್ಲ. ಎತ್ತಿಕೊಳ್ಳಲು ಬಂದ ಮುದಸ್ಸಿರ್‌ನನ್ನು ಕಣ್ಣಲ್ಲೇ ತಡೆದಳು.

"ಕಿತ್ಕೊಂಡಿದ್ದು ನನ್ನ ಕೈಯಿಂದ," ಎಂದಳು. "ಕೈಗೇ ಕೊಡಿ."

ಸತೀಶ್ ಜನರ ಕಡೆ ನೋಡಿದ. ಯಾರೂ ಅವನ ಪರ ನಿಲ್ಲಲಿಲ್ಲ. ಅಪ್ಪನ ಕಡೆ ನೋಡಿದ. ಬಾಗಿಲವರೆಗೂ ಗೋಡೆ ಹಿಡಿದು ನಡೆದುಬಂದಿದ್ದ ಮುನಿಶಾಮಪ್ಪ, "ಬಗ್ಗು," ಎಂದರು, ಅಷ್ಟೇ.

ಅವನು ಬಗ್ಗಿದ. ಕೀಯ ಮಣ್ಣನ್ನು ಅಂಗಿಗೆ ಒರೆಸಿ, ಅವಳ ಚಾಚಿದ ಅಂಗೈ ಮೇಲೆ ಇಟ್ಟ.