ಕ್ವಾರಿ ಹೊಂಡದ ನಕ್ಷೆ

ಮಾರ್ಚ್ ಹನ್ನೊಂದು, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಐವತ್ತು ನಿಮಿಷಕ್ಕೆ ಹಕ್ಕಿ ಟೀಚರ್ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಅವರನ್ನು ಊರೆಲ್ಲ ಹಾಗೆಯೇ ಕರೆಯುತ್ತಿತ್ತು. ಅವರ ಕೈ, ಮುಖ, ಕನ್ನಡಕದ ಗಾಜಿಗೆಲ್ಲ ಮಸಿ ಮೆತ್ತಿತ್ತು. ಮಹಿಳಾ ಹೆಡ್ ಕಾನ್‌ಸ್ಟೆಬಲ್ ಕುರ್ಚಿ ಎಳೆದು ಕೊಟ್ಟರೂ ಕೂರಲಿಲ್ಲ. ಹಳೇ ಕ್ವಾರಿ ಹೊಂಡದ ಜೊಂಡಿಗೆ ಯಾರೋ ಬೆಂಕಿ ಹಚ್ಚಿದ್ದಾರೆ, ಅಗ್ನಿಶಾಮಕ ದಳದವರು ಬಂದಿದ್ದಾರೆ, ಆದರೆ ನಗರಸಭೆ ಅಲ್ಲಿಗೆ ನೇಮಿಸಿದ್ದ ಕಾವಲುಗಾರ ಎಲ್ಲೂ ಕಾಣುತ್ತಿಲ್ಲ ಎಂದರು.

“ಊಟಕ್ಕೆ ಹೋಗಿರ್ಬೇಕು ಮೇಡಂ,” ಎಂದರು ಹೆಡ್ ಕಾನ್‌ಸ್ಟೆಬಲ್.

“ಇಲ್ಲಮ್ಮ. ಮೊಟ್ಟೆ ಒಡೀತಾ ಇವೆ, ಇವತ್ತು ಊಟಕ್ಕೆ ಹೋಗ್ಬೇಡ, ಅಲ್ಲೇ ಕೂತು ಮರಿ ಎಣಿಸು ಅಂತ ನಾನೇ ಹೇಳಿದ್ದೆ.”

ಇನ್‌ಸ್ಪೆಕ್ಟರ್ ಜೀಪಿನಲ್ಲಿ ಹೊಂಡ ತಲುಪಿದಾಗ ಮೂರು ಇಪ್ಪತ್ತೈದು. ಊರಿನ ಅಂಚಿನಲ್ಲಿದ್ದ ಆ ಹೊಂಡದಿಂದ ಕಲ್ಲು ತೆಗೆಯುವುದನ್ನು ನಿಲ್ಲಿಸಿ ಮೂವತ್ತು ವರ್ಷವಾಗಿತ್ತು. ಮೂರು ಕಡೆ ಕಡಿದಾದ ಬಂಡೆ, ಒಂದು ಕಡೆ ಮಾತ್ರ ಆಳವಿಲ್ಲದ ಕೆಸರು. ಆ ಕೆಸರಿನಲ್ಲಿ ಆಳೆತ್ತರದ ಜೊಂಡು. ಈಗ ಅಲ್ಲಿ ಕರಿ ಕಡ್ಡಿಗಳು ಮಾತ್ರ ನಿಂತಿದ್ದವು. ಬಕಗಳು ನೆತ್ತಿಯ ಮೇಲೆ ಸುತ್ತು ಹಾಕುತ್ತಿದ್ದವು, ಇಳಿಯುತ್ತಿರಲಿಲ್ಲ. ನಾಲ್ಕು ಹತ್ತಕ್ಕೆ ಅಗ್ನಿಶಾಮಕ ಸಿಬ್ಬಂದಿ ಕಾವಲುಗಾರನ ದೇಹವನ್ನು ಕಂಡರು. ಜೊಂಡಿನ ನಡುವೆ ಮೀನುಗಾರರು ಬಿಟ್ಟುಹೋಗಿದ್ದ ಹಳೆಯ ದೋಣಿಯೊಂದರ ಮಗ್ಗುಲಲ್ಲಿ ಬೋರಲಾಗಿ ಬಿದ್ದಿದ್ದ. ವಯಸ್ಸು ಸುಮಾರು ಅರವತ್ತೆರಡು. ಹೊಗೆಯಲ್ಲಿ ಉಸಿರುಗಟ್ಟಿ ಸತ್ತಿದ್ದಾನೆ, ಬೆಂಕಿ ತಾಗಿದ್ದು ಆಮೇಲೆ ಎಂದು ಮರುದಿನ ಮರಣೋತ್ತರ ಪರೀಕ್ಷೆಯ ವೈದ್ಯರು ಬರೆದರು. ಟೀಚರಿಗೆ ಅಷ್ಟಾದರೂ ಸಮಾಧಾನವಾಗಲಿ ಎಂದು ಇನ್‌ಸ್ಪೆಕ್ಟರ್ ಅದನ್ನು ಫೋನಿನಲ್ಲಿ ತಿಳಿಸಿದರು. ಟೀಚರು ಕೇಳಿಸಿಕೊಂಡು ಫೋನ್ ಇಟ್ಟರು.

ಸ್ಥಳ ಪಂಚನಾಮೆ ಮುಗಿದದ್ದು ಸಂಜೆ ಆರಕ್ಕೆ. ಬೆಂಕಿ ಒಂದು ಕಡೆಯಿಂದ ಹಬ್ಬಿದ್ದಲ್ಲ. ಮೂರು ಜಾಗಗಳಲ್ಲಿ ಕರಗಿ ಮುದ್ದೆಯಾದ ಪ್ಲಾಸ್ಟಿಕ್ ಕ್ಯಾನುಗಳು ಸಿಕ್ಕವು, ಮೂರಕ್ಕೂ ಸೀಮೆಎಣ್ಣೆಯ ವಾಸನೆ. ಇನ್‌ಸ್ಪೆಕ್ಟರ್ ಆ ಮೂರು ಜಾಗಗಳನ್ನು ಟೀಚರಿಗೆ ತೋರಿಸಿದರು. ಟೀಚರು ಬಹಳ ಹೊತ್ತು ನೋಡಿ, ಇವು ಮೂರೂ ಗೂಡುಗಳ ದೊಡ್ಡ ಗುಂಪುಗಳು, ನೂರಕ್ಕೆ ತೊಂಬತ್ತು ಮೊಟ್ಟೆ ಇಲ್ಲೇ ಇದ್ದವು ಎಂದರು. ಮೊಟ್ಟೆ ಕಳ್ಳರಿಗೆ ಹೆದರಿ ಅವರು ಅಲ್ಲಿ ಒಂದು ಕಡ್ಡಿಯನ್ನೂ ಗುರುತಿಗೆ ನೆಟ್ಟಿರಲಿಲ್ಲ.

“ಹಾಗಾದ್ರೆ ಹಚ್ಚಿದವನಿಗೆ ಹೇಗೆ ಗೊತ್ತಾಯ್ತು?”

“ನಾನು ಕೊಟ್ಟ ನಕ್ಷೆ ನೋಡಿದ್ರೆ ಗೊತ್ತಾಗುತ್ತೆ.”

ನಕ್ಷೆಯ ಹಿಂದೆ ಒಂದು ಕತೆಯಿತ್ತು. ಕ್ವಾರಿ ಹೊಂಡ ಮತ್ತು ಸುತ್ತಲಿನ ಕುರುಚಲು ಗುಡ್ಡವನ್ನು ನಿಸರ್ಗಧಾಮ ಮಾಡಬೇಕೆಂದು ನಗರಸಭೆ ಹಿಂದಿನ ವರ್ಷ ನಿರ್ಣಯಿಸಿತ್ತು. ಮೊದಲ ಯೋಜನೆಯಲ್ಲಿ ಹೊಂಡದ ನೀರನ್ನೆಲ್ಲ ಪಂಪ್ ಹಚ್ಚಿ ಖಾಲಿ ಮಾಡಿ, ಹೂಳು ತೆಗೆದು, ದಂಡೆ ಕಟ್ಟುವ ಮಾತಿತ್ತು. ಅಷ್ಟರಲ್ಲಿ ಟೀಚರು ಹಕ್ಕಿಗಳ ವರದಿ ಕೊಟ್ಟರು. ನೀರು ಇಳಿದರೆ ಜೊಂಡು ಒಣಗುತ್ತದೆ, ಜೊಂಡು ಒಣಗಿದರೆ ಬಕಗಳು ಗೂಡು ಕಟ್ಟುವುದಿಲ್ಲ. ಫೆಬ್ರುವರಿ ಇಪ್ಪತ್ತರ ಸಭೆಯಲ್ಲಿ ಯೋಜನೆ ಬದಲಾಯಿತು. ಹೊಂಡವನ್ನು ಪ್ರವೇಶ ನಿಷಿದ್ಧ ವಲಯ ಮಾಡಬೇಕು, ನೀರನ್ನು ಒಂದಡಿಯೂ ಇಳಿಸಕೂಡದು ಎಂದು ತೀರ್ಮಾನವಾಯಿತು. ವರದಿಯ ಜೊತೆಗಿದ್ದ ಗೂಡುಗಳ ನಕ್ಷೆಗೆ ಒಟ್ಟು ನಾಲ್ಕು ಪ್ರತಿ. ಒಂದು ಟೀಚರ ಬಳಿ, ಒಂದು ಆಯುಕ್ತರ ಬಳಿ, ಒಂದು ನಿಸರ್ಗಧಾಮ ಸಮಿತಿಯ ಅಧ್ಯಕ್ಷರಾಗಿದ್ದ ವಾರ್ಡ್ ಸದಸ್ಯರ ಬಳಿ, ಇನ್ನೊಂದು ನಗರ ಯೋಜನಾ ಶಾಖೆಯಲ್ಲಿ.

ಠಾಣೆಯಲ್ಲಿ ಎಲ್ಲರ ಬೆರಳೂ ವಾರ್ಡ್ ಸದಸ್ಯರ ಕಡೆಗೇ ಹೋಯಿತು. ಹೊಂಡದಲ್ಲಿ ದೋಣಿ ವಿಹಾರ ಆಗಬೇಕೆಂದು ಪಟ್ಟು ಹಿಡಿದಿದ್ದವರು ಅವರು. ಹಕ್ಕಿಗಳಿಗೆ ವೋಟಿಲ್ಲ ಟೀಚರ್, ಜನಕ್ಕಿದೆ ಎಂದು ತುಂಬಿದ ಸಭೆಯಲ್ಲಿ ನಗಿಸಿದ್ದರು. ಹನ್ನೆರಡರ ಬುಧವಾರ ಬೆಳಗ್ಗೆ ಇನ್‌ಸ್ಪೆಕ್ಟರ್ ಅವರ ಕಚೇರಿಗೆ ಹೋದರು. ಮಂಗಳವಾರ ಹನ್ನೆರಡರಿಂದ ಮೂರೂವರೆಯವರೆಗೆ ಅವರು ನಗರಸಭೆಯ ಸಭೆಯಲ್ಲೇ ಇದ್ದರು. ನಡಾವಳಿ ಪುಸ್ತಕದಲ್ಲಿ ಅವರು ಒಂಬತ್ತು ಸಲ ಮಾತಾಡಿದ ದಾಖಲೆಯಿತ್ತು. ನಕ್ಷೆ ಎಲ್ಲಿ ಎಂದು ಕೇಳಿದಾಗ ಅವರು ಮೇಜಿನ ಖಾನೆ ಕೆದಕಿ ಲಕೋಟೆಯನ್ನು ತೆಗೆದುಕೊಟ್ಟರು. ಅರಗಿನ ಮುದ್ರೆ ಒಡೆದೇ ಇರಲಿಲ್ಲ.

“ಓದಿಲ್ವಾ?”

“ಓದಿದ್ರೆ ಒಪ್ಕೋಬೇಕಾಗುತ್ತಲ್ಲ,” ಎಂದರು ಸದಸ್ಯರು. ಈ ಸಲ ಅವರಿಗೂ ನಗು ಬರಲಿಲ್ಲ.

ಆಯುಕ್ತರ ಪ್ರತಿ ಬೀಗ ಹಾಕಿದ ಬೀರುವಿನಲ್ಲಿತ್ತು, ಬೀಗದ ಕೈ ಅವರ ಜೊತೆ ಪರಸ್ಥಳದಲ್ಲಿತ್ತು. ಇನ್ನುಳಿದದ್ದು ಯೋಜನಾ ಶಾಖೆ. ಅಲ್ಲಿ ಇದ್ದವರು ಮೂವರೇ: ಶಾಖೆಯ ಮುಖ್ಯಸ್ಥರು, ಬೆರಳಚ್ಚುಗಾರ್ತಿ, ನಕ್ಷೆಗಾರ. ಶಾಖೆಯ ಚಲನವಲನ ವಹಿಯಲ್ಲಿ ನಕ್ಷೆಗಾರ ಮಂಗಳವಾರ ಹನ್ನೆರಡೂ ಕಾಲಿಗೆ ಹೊರಗೆ ಹೋದದ್ದು, ಮೂರಕ್ಕೆ ಬಂದದ್ದು ಬರೆದಿತ್ತು. ಕಾರಣದ ಅಂಕಣದಲ್ಲಿ ‘ಕಾಲುವೆ ಅಳತೆ’. ಮುಖ್ಯಸ್ಥರ ಮಾತಿನ ಪ್ರಕಾರ ಅವನಷ್ಟು ಸಾಧು ಮನುಷ್ಯ ಆ ಕಚೇರಿಯಲ್ಲೇ ಇಲ್ಲ. ಅಂದು ಬೆಳಗ್ಗೆ ಕಚೇರಿಯಲ್ಲಿ ನಡೆದ ಕಾವಲುಗಾರನ ಸಂತಾಪಸಭೆಯಲ್ಲಿ ಅತ್ತವನು ಅವನೊಬ್ಬನೇ. ಇನ್‌ಸ್ಪೆಕ್ಟರ್ ಅವನನ್ನು ಅಂದು ಮಾತಾಡಿಸಲಿಲ್ಲ. ಯೋಜನೆಯ ಮೇಲೆ ಸಾರ್ವಜನಿಕರು ಸಲ್ಲಿಸಿದ್ದ ಆಕ್ಷೇಪಣೆಗಳ ಕಡತವನ್ನು ಕೇಳಿ ಪಡೆದು ಠಾಣೆಗೆ ಬಂದರು.

ಇನ್ನೂರ ಹನ್ನೆರಡು ಆಕ್ಷೇಪಣೆಗಳಿದ್ದವು. ಹೆಡ್ ಕಾನ್‌ಸ್ಟೆಬಲ್ ಗುರುವಾರ ಇಡೀ ದಿನ ಅವನ್ನೇ ಓದಿದರು. ವಾಕಿಂಗ್ ದಾರಿ ಬೇಕು, ಬೇಡ. ಬೇಲಿ ಬೇಕು, ಬೇಡ. ಒಬ್ಬರಂತೂ ಹಕ್ಕಿಗಳು ಬೆಳಗಿನ ಜಾವ ಕೂಗದ ಹಾಗೆ ಕ್ರಮ ಕೈಗೊಳ್ಳಬೇಕೆಂದು ಬರೆದಿದ್ದರು. ಸಂಜೆ ನಾಲ್ಕರ ಹೊತ್ತಿಗೆ ಅವರು ಹನ್ನೊಂದು ಅರ್ಜಿಗಳನ್ನು ಬೇರೆ ಮಾಡಿ ಇನ್‌ಸ್ಪೆಕ್ಟರ್ ಮುಂದೆ ಇಟ್ಟರು.

“ಸಾರ್, ಹನ್ನೊಂದೂ ಬೇರೆ ಬೇರೆ ಹೆಸರು, ಬೇರೆ ಬೇರೆ ಅಕ್ಷರ. ಆದ್ರೆ ಕೇಳಿರೋದು ಒಂದೇ. ಹೊಂಡ ಖಾಲಿ ಮಾಡಿ ಅಂತ. ಈ ತಾರೀಖಿನ ಅಂಕಿ ನೋಡಿ.”

ಅಕ್ಷರಗಳನ್ನು ಓರೆಯಾಗಿಸಿ, ದುಂಡಗಾಗಿಸಿ, ವಕ್ರವಾಗಿಸಿ ಬರೆದವನು ಅಂಕಿಗಳನ್ನು ಮರೆತಿದ್ದ. ಹನ್ನೊಂದು ಅರ್ಜಿಗಳಲ್ಲೂ ಅಂಕಿಗಳು ನೆಟ್ಟಗೆ, ಒಂದೇ ಎತ್ತರಕ್ಕೆ ನಿಂತಿದ್ದವು. ಇನ್‌ಸ್ಪೆಕ್ಟರ್ ಯೋಜನೆಯ ನಕ್ಷೆಯನ್ನು ಬಿಚ್ಚಿ ಹೊಂಡದ ಆಳ ಬರೆದಿದ್ದ ಅಂಕಿಗಳ ಪಕ್ಕಕ್ಕೆ ಅವನ್ನು ಹಿಡಿದರು. ಎರಡೂ ಒಂದೇ ಕೈಯವು, ನಕ್ಷೆಗಾರನವು.

“ಯಾಕೆ ಅಂತ ಗೊತ್ತಾಗ್ತಿಲ್ಲ,” ಎಂದರು ಇನ್‌ಸ್ಪೆಕ್ಟರ್.

ಹೆಡ್ ಕಾನ್‌ಸ್ಟೆಬಲ್ ಏಳನೆಯ ಅರ್ಜಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ‘ಹನ್ನೆರಡು ವರ್ಷಗಳಿಂದ ಆ ಹೊಂಡದ ತಳವನ್ನು ಯಾರೂ ನೋಡಿಲ್ಲ.’ ಬೆರಳು ಅಲ್ಲೇ ನಿಂತಿತು. ಅವರು ಎದ್ದು ದಾಖಲೆ ಕೋಣೆಗೆ ಹೋಗಿ, ಮುಕ್ಕಾಲು ಗಂಟೆಯ ಮೇಲೆ ಕಾಣೆಯಾದವರ ಹಳೆಯ ಕಡತವೊಂದನ್ನು ಹಿಡಿದು ಬಂದರು. ಕಾಣೆಯಾದವಳು ಹದಿನೇಳು ವರ್ಷದ ಹುಡುಗಿ. ತಂದೆಯ ಉದ್ಯೋಗ: ನಕ್ಷೆಗಾರ, ನಗರಸಭೆ. ಕ್ವಾರಿ ಹೊಂಡದ ಬಂಡೆಯ ಮೇಲೆ ಅವಳ ಚಪ್ಪಲಿ ಸಿಕ್ಕಿತ್ತು. ಮುಳುಗುಗಾರರು ಅರ್ಧ ದಿನ ಹುಡುಕಿ, ಕೆಳಗೆ ಬರೀ ಹೂಳು, ಕೈ ಆಡುವುದಿಲ್ಲ ಎಂದು ಹೊರಟುಹೋಗಿದ್ದರು. ಹೊಂಡ ಖಾಲಿ ಮಾಡಿಸಿ ಎಂಬ ತಂದೆಯ ಅರ್ಜಿಗಳು ಒಂದರ ಹಿಂದೊಂದು. ಕೊನೆಯ ಪುಟದಲ್ಲಿ ಅಂತಿಮ ವರದಿ: ‘ಪರಿಚಿತ ಯುವಕನೊಂದಿಗೆ ಸ್ವಇಚ್ಛೆಯಿಂದ ಮನೆ ಬಿಟ್ಟು ಹೋಗಿರುವಂತೆ ಕಂಡುಬಂದಿದೆ. ಪ್ರಕರಣ ಮುಕ್ತಾಯ.’

“ಯಾವ ಯುವಕ?” ಎಂದು ಇನ್‌ಸ್ಪೆಕ್ಟರ್ ಕೇಳಿದರು.

“ಯಾರೂ ಇರ್ಲಿಲ್ಲ ಸಾರ್. ಹೇಳಿದ್ದು ಆಗಿನ ಸಾಹೇಬ್ರು. ಬರೆದಿದ್ದು ನನ್ನ ಕೈ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು.”

ಇನ್‌ಸ್ಪೆಕ್ಟರ್ ಕಡತವನ್ನು ಮುಚ್ಚಿದರು.

ಹದಿನಾಲ್ಕರ ಶುಕ್ರವಾರ ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ ಇಬ್ಬರೂ ಯೋಜನಾ ಶಾಖೆಗೆ ಹೋದರು. ನಕ್ಷೆಗಾರ ಓರೆ ಮೇಜಿನ ಮುಂದೆ ನಿಂತಿದ್ದ. ಐವತ್ತಾರರ ಸಣಕಲು ಮನುಷ್ಯ, ಅಂಗಿಯ ತೋಳು ಮಡಿಚಿತ್ತು. ಬೇರೆ ಕಚೇರಿಗಳಲ್ಲಿ ಎಲ್ಲ ಕಂಪ್ಯೂಟರಿಗೆ ಹೋಗಿತ್ತು, ಅವನೊಬ್ಬ ಇನ್ನೂ ಕೈಯಲ್ಲೇ ಬರೆಯುತ್ತಿದ್ದ. ಮೇಜಿನ ಮೇಲೆ ಹರಡಿದ್ದದ್ದು ನಿಸರ್ಗಧಾಮದ ಎಂಟನೆಯ ನಕ್ಷೆ. ಇನ್‌ಸ್ಪೆಕ್ಟರ್ ಬಾಗಿಲು ಮುಂದೆ ಮಾಡಿದರು.

“ಮಂಗಳವಾರ ಎಲ್ಲಿಗೆ ಹೋಗಿದ್ರಿ?”

“ಕಾಲುವೆ ಅಳತೆಗೆ.”

“ಒಬ್ರೇ?”

“ಒಬ್ನೇ.”

“ಟೇಪಿನ ಇನ್ನೊಂದು ತುದಿ ಯಾರು ಹಿಡ್ಕೊಂಡಿದ್ರು?”

ನಕ್ಷೆಗಾರ ಪೆನ್ನಿನ ಮುಚ್ಚಳ ಹಾಕಿ, ಅದನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆ ಮುಚ್ಚಿದ. ನಾಲ್ಕು ದಿನದಿಂದ ಇದಕ್ಕೇ ಕಾದಿದ್ದವನಂತೆ ಅವನ ಭುಜ ಇಳಿಯಿತು.

“ಅವನು ಒಂದು ಗಂಟೆಗೆ ಊಟಕ್ಕೆ ಹೋಗ್ತಾನೆ ಸಾರ್. ನಾಲ್ಕು ದಿನ ನಿಂತು ನೋಡಿದ್ದೆ. ನಾಲ್ಕೂ ದಿನ ಹೋಗಿದ್ದ.”

ಹನ್ನೊಂದು ಐವತ್ತಕ್ಕೆ ಬಂಧನ ಪಂಚನಾಮೆಗೆ ಶಾಖೆಯ ಮುಖ್ಯಸ್ಥರು ಮತ್ತು ಬೆರಳಚ್ಚುಗಾರ್ತಿ ಸಾಕ್ಷಿ ಹಾಕಿದರು. ಕೊಲೆಯಲ್ಲದ ಮಾನವಹತ್ಯೆ ಮತ್ತು ಬೆಂಕಿಯಿಂದ ನಾಶ ಮಾಡಿದ ಆರೋಪ ಎಂದು ಇನ್‌ಸ್ಪೆಕ್ಟರ್ ಓದಿ ಹೇಳಿದಾಗ ನಕ್ಷೆಗಾರ ತಲೆಯಾಡಿಸಿದ.

ಠಾಣೆಯಲ್ಲಿ ಅವನು ನಿಧಾನವಾಗಿ, ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದ. ಪೊಲೀಸರೂ ಆಗುವುದಿಲ್ಲ, ನಗರಸಭೆಯೂ ಆಗುವುದಿಲ್ಲ ಎಂದ ಮೇಲೆ ಅವನು ಆ ಹೊಂಡದ ಆಸೆಯನ್ನೇ ಬಿಟ್ಟಿದ್ದ. ಆಗ ತಾನಾಗಿಯೇ ನಿಸರ್ಗಧಾಮದ ಯೋಜನೆ ಅವನ ಮೇಜಿಗೆ ಬಂತು. ಪಂಪುಗಳನ್ನು ಎಲ್ಲಿಡಬೇಕು, ನೀರು ಯಾವ ಕಾಲುವೆಗೆ ಹೋಗಬೇಕು, ಎಲ್ಲವನ್ನೂ ಅವನೇ ಗುರುತು ಮಾಡಿದ್ದ. ಇಪ್ಪತ್ತಾರು ದಿನದಲ್ಲಿ ತಳ ಕಾಣುತ್ತದೆ ಎಂದು ಲೆಕ್ಕ ಹಾಕಿದ್ದ. ಆಮೇಲೆ ಪಂಪುಗಳನ್ನೆಲ್ಲ ಅಳಿಸಿ, ಹೊಂಡದ ಸುತ್ತ ಕೆಂಪು ಗೆರೆ ಎಳೆಯಲು ಹೇಳಿದರು. ಎಳೆದ. ಗೂಡುಗಳೇ ಇಲ್ಲವಾದರೆ ಗೆರೆಯೂ ಇರುವುದಿಲ್ಲ ಎಂದು ಅವನಿಗೆ ತೋಚಿದ್ದು ಆ ಗೆರೆ ಒಣಗುವ ಮೊದಲೇ.

“ನನ್ನ ಮಗಳು ಓಡಿ ಹೋಗಿಲ್ಲ ಸಾರ್,” ಎಂದ. “ಅಷ್ಟು ಗೊತ್ತಾದ್ರೆ ಸಾಕಿತ್ತು. ಹಕ್ಕಿಗಳು ಬೇರೆ ಕಡೆ ಹೋಗ್ತವೆ ಅಂದ್ಕೊಂಡೆ. ಆ ತಾತ...” ಹೆಡ್ ಕಾನ್‌ಸ್ಟೆಬಲ್ ಹೇಳಿಕೆ ಬರೆದುಕೊಳ್ಳುತ್ತಿದ್ದರು. ಅವರು ತಲೆ ಎತ್ತಲೇ ಇಲ್ಲ.

ಬಂಧನದ ಮಾಹಿತಿಯನ್ನು ಮನೆಯವರಿಗೆ ತಲುಪಿಸಬೇಕಿತ್ತು. ಸಂಜೆ ನಾಲ್ಕಕ್ಕೆ ಇಬ್ಬರೂ ನಗರಸಭೆಯ ವಸತಿಗೃಹಗಳ ಮೂರನೇ ಮಹಡಿ ಹತ್ತಿದರು. ನಕ್ಷೆಗಾರನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಅಂಗಡಿಯವರ ಅಂಗಿಗಳಿಗೆ ಕಾಲರ್ ಕೂರಿಸುತ್ತಿದ್ದರು. ಎರಡು ಕೋಣೆಯ ಮನೆ, ಸೋರಿ ಕಲೆಯಾದ ಗೋಡೆ. ಕೆಳಗಿನ ಹೊಸ ಕಟ್ಟಡದಲ್ಲಿ ದೊಡ್ಡ ಮನೆ ಕೊಡುತ್ತೇವೆಂದು ಎರಡು ಸಲ ಹೇಳಿದರೂ ಇವರು ಹೋಗಲಿಲ್ಲ ಎಂದು ಶಾಖೆಯ ಮುಖ್ಯಸ್ಥರು ತಿಳಿಸಿದ್ದರು. ಮೂಲೆಯಲ್ಲಿ ಹಳೆಯ ಕಾಲದ ವೈರಿನ ಫೋನ್ ಇತ್ತು. ಅದರ ಮೇಲೆ ಧೂಳಿರಲಿಲ್ಲ.

ಆಕೆ ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಕೇಳಿದರು:

“ಆ ಕಾವಲಿನವ್ರಿಗೆ ಮಕ್ಕಳಿದ್ರಾ?”

“ಒಬ್ಬಳು ಮಗಳು.”

ಆಕೆ ಸಹಿ ಹಾಕಿದರು. ಇನ್‌ಸ್ಪೆಕ್ಟರ್ ಏಳುವ ಮೊದಲು, ನಿಮ್ಮ ಮಗಳ ಪ್ರಕರಣವನ್ನು ಮತ್ತೆ ತೆರೆಯಲು ನ್ಯಾಯಾಲಯದ ಅನುಮತಿ ಕೇಳುತ್ತೇನೆ, ಹೊಂಡ ಖಾಲಿ ಮಾಡಿಸಲು ನಗರಸಭೆಗೂ ಪತ್ರ ಬರೆದಿದ್ದೇನೆ ಎಂದರು. ಅದನ್ನು ಕೇಳಿ ಆಕೆಗೆ ಸಮಾಧಾನವಾಗಬಹುದು ಎಂದುಕೊಂಡಿದ್ದರು.

“ಬೇಡ ಸಾರ್,” ಎಂದರು ಆಕೆ.

ಏಳಲು ಹೊರಟಿದ್ದ ಇನ್‌ಸ್ಪೆಕ್ಟರ್ ಮತ್ತೆ ಕೂತರು.

“ನಮ್ಮನೆಯವರಿಗೆ ಗೊತ್ತಾಗ್ಬೇಕಿತ್ತು. ನನಗೆ ಬೇಡ. ಯಾರ ಜೊತೆಗೋ ಹೋಗಿದಾಳೆ ಅಂತ ನೀವು ಬರ್ಕೊಟ್ರಿ. ಮನೆ ಮರ್ಯಾದೆ ಹೋಯ್ತು ಅಂತ ಇವರು ಅತ್ರು. ನಾನು ಅವತ್ತೇ ಊಟ ಮಾಡಿದ್ದು, ಆರು ದಿನದ ಮೇಲೆ. ಹೋಗಿದಾಳೆ ಅಂದ್ರೆ ಎಲ್ಲೋ ಇದಾಳೆ ಅಂತ ಅಲ್ವಾ? ಈಗ ಅವಳಿಗೆ ಇಪ್ಪತ್ತೊಂಬತ್ತು. ಮಕ್ಕಳೂ ಇರ್ಬಹುದು.”

ಹೆಡ್ ಕಾನ್‌ಸ್ಟೆಬಲ್ ಬಾಗಿಲ ಕಡೆ ತಿರುಗಿ ನಿಂತರು. ಆಕೆ ಕಾಗದದ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಯಂತ್ರದ ಖಾನೆಯಲ್ಲಿಟ್ಟು, ಬಾಗಿಲವರೆಗೂ ಬಂದು, ಮೆಟ್ಟಿಲಲ್ಲಿ ಬೆಳಕಿಲ್ಲ, ನೋಡಿಕೊಂಡು ಇಳಿಯಿರಿ ಎಂದರು.

ಠಾಣೆಗೆ ಬಂದಾಗ ಐದೂವರೆ. ನಗರಸಭೆಗೆ ಬರೆದ ಪತ್ರ ಬೆಳಗ್ಗೆಯೇ ಟೈಪಾಗಿ ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಸಹಿಗೆ ಕಾದಿತ್ತು. ಅವರು ಅದನ್ನು ಓದಿದರು. ತಪ್ಪೇನೂ ಇರಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

“ಕಳಿಸ್ಲಾ ಸಾರ್?” ಎಂದರು ಹೆಡ್ ಕಾನ್‌ಸ್ಟೆಬಲ್.

“ನೀವೇನ್ ಹೇಳ್ತೀರಿ?”

“ಅವತ್ತು ಯಾರೂ ನನ್ನ ಕೇಳ್ಲಿಲ್ಲ ಸಾರ್,” ಎಂದರು ಹೆಡ್ ಕಾನ್‌ಸ್ಟೆಬಲ್. “ಇವತ್ತು ಕೇಳಿದ್ರೂ ಗೊತ್ತಾಗ್ತಿಲ್ಲ.”

ಇನ್‌ಸ್ಪೆಕ್ಟರ್ ಸಹಿ ಹಾಕಿದರು. ಹೆಡ್ ಕಾನ್‌ಸ್ಟೆಬಲ್ ರವಾನೆ ವಹಿಯನ್ನು ತೆರೆದು, ಕ್ರಮಸಂಖ್ಯೆ ಬರೆದು, ತಾರೀಖು ಹಾಕಿ, ವಿಷಯದ ಅಂಕಣಕ್ಕೆ ಬಂದರು. ಆಮೇಲೆ ತಮ್ಮ ದುಂಡನೆಯ ಅಕ್ಷರದಲ್ಲಿ ಹುಡುಗಿಯ ಹೆಸರನ್ನು ಪೂರ್ತಿಯಾಗಿ ಬರೆದರು.